ಮೊದಲು ನಡವಳಿ, ಆಮೇಲೆ ಸಭೆ

ಸಭೆ ನಡೆಸುವುದರಲ್ಲಿ ನನ್ನನ್ನು ಮೀರಿಸುವವರು ದೆಹಲಿಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ನಂಬಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು. ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ನಾನು ಸೆಕ್ಷನ್ ಆಫೀಸರ್. ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ನಾನು ಏರ್ಪಡಿಸಿದ ಯಾವ ಸಭೆಯೂ ನಾನು ಬರೆದ ನಡವಳಿಯಿಂದ ಒಂದಂಗುಲ ಆಚೀಚೆ ಸರಿದಿಲ್ಲ. ಗುಟ್ಟು ಬಹಳ ಸರಳ. ನಡವಳಿಯನ್ನು ನಾನು ಹಿಂದಿನ ದಿನವೇ ಬರೆದಿಟ್ಟಿರುತ್ತೇನೆ! ಯಾರು ಏನು ಹೇಳಿದರು, ಯಾರು ಅದನ್ನು ಅನುಮೋದಿಸಿದರು, ಅಧ್ಯಕ್ಷರು ಏನೆಂದು ತೀರ್ಮಾನಿಸಿದರು, ಎಲ್ಲವೂ ಟೈಪಾಗಿ ಫೈಲಿನಲ್ಲಿ ಕೂತಿರುತ್ತದೆ. ಜನ ಬಂದು ಬಿಸ್ಕತ್ತು ತಿಂದು ಸಹಿ ಹಾಕಿ ಹೋಗುವುದಷ್ಟೇ ಬಾಕಿ.

ಈ ವಿದ್ಯೆಯನ್ನು ನಾನು ಕಲಾಮಾತೆಯ ಸೇವೆಗೂ ಧಾರೆ ಎರೆದಿದ್ದೆ. ದೆಹಲಿ ಕನ್ನಡಿಗರ ‘ಕಾವೇರಿ-ಯಮುನಾ ಹವ್ಯಾಸಿ ನಾಟಕ ವೃಂದ’ಕ್ಕೆ ಹನ್ನೆರಡು ವರ್ಷ ನಾನೇ ಕಾರ್ಯದರ್ಶಿ, ನಾನೇ ನಿರ್ದೇಶಕ, ನಾನೇ ನಾಟಕಕಾರ. ವರ್ಷಕ್ಕೊಂದು ನಾಟಕ ಆಡುತ್ತಿದ್ದೆವು. ಎಲ್ಲವೂ ಐತಿಹಾಸಿಕ. ಇತಿಹಾಸದ ಮೇಲೆ ನನಗೆ ಅಂಥ ಮೋಹವೇನೂ ಇಲ್ಲ. ನಮ್ಮ ಟ್ರಂಕಿನಲ್ಲಿ ಇದ್ದದ್ದು ರಾಜ, ಮಂತ್ರಿ ಮತ್ತು ಸೈನಿಕರ ಉಡುಪು ಮಾತ್ರ, ಅಷ್ಟೇ.

ಪಾತ್ರ ಹಂಚುವುದಕ್ಕೆ ಬೇರೆ ತಂಡದವರು ಧ್ವನಿ ಪರೀಕ್ಷೆ, ಅಭಿನಯ ಪರೀಕ್ಷೆ ಎಂದೆಲ್ಲ ಒದ್ದಾಡುತ್ತಾರಂತೆ. ನನಗೆ ಆ ಕಷ್ಟವೇ ಇರಲಿಲ್ಲ. ನಮ್ಮಲ್ಲಿ ಪಾತ್ರಗಳು ವೇತನ ಶ್ರೇಣಿಯ ಪ್ರಕಾರ ಹಂಚಿಕೆಯಾಗುತ್ತಿದ್ದವು. ಜಂಟಿ ಕಾರ್ಯದರ್ಶಿ ಹೆಗ್ಡೆ ಸಾಹೇಬರು ರಾಜ. ಅವರಿಗಿಂತ ಒಂದು ಮೆಟ್ಟಿಲು ಕೆಳಗಿದ್ದವರು ಸೇನಾಪತಿ. ಅಧೀನ ಕಾರ್ಯದರ್ಶಿಗಳು ರಾಜಗುರು. ಕ್ಲಾರ್ಕುಗಳು ಪ್ರಜೆಗಳು. ನಿಯಮದ ಪ್ರಕಾರ ನನ್ನ ಶ್ರೇಣಿಗೆ ದಕ್ಕುತ್ತಿದ್ದದ್ದು ಬಟ್ಟೆ ವ್ಯಾಪಾರಿಯ ಪಾತ್ರ. ಆದರೆ ನಿರ್ದೇಶಕರ ವಿವೇಚನಾಧಿಕಾರ ಎಂದು ಒಂದಿದೆಯಲ್ಲ, ಅದನ್ನು ಚಲಾಯಿಸಿ ನಾನು ಪ್ರತಿವರ್ಷ ಮಹಾಮಂತ್ರಿಯಾಗುತ್ತಿದ್ದೆ. ಯಾರಿಗಾದರೂ ಆಫೀಸಿನಲ್ಲಿ ಬಡ್ತಿ ಬಂದರೆ ನಾಟಕದಲ್ಲೂ ಬಡ್ತಿ. ಒಮ್ಮೆ ಒಬ್ಬರಿಗೆ ಪ್ರದರ್ಶನಕ್ಕೆ ಎಂಟು ದಿನ ಇರುವಾಗ ಬಡ್ತಿ ಬಂದು, ಅವರು ವ್ಯಾಪಾರಿಯಿಂದ ರಾಜಗುರುವಿಗೆ ಏರಿದರು. ಎರಡೂ ಪಾತ್ರದ ಮಾತು ತಲೆಯಲ್ಲಿ ಕಲಸಿ, ಶಾಪ ಕೊಡುವ ಜಾಗದಲ್ಲಿ ಸೀರೆಯ ಬೆಲೆ ಹೇಳಿದರು. ಪ್ರೇಕ್ಷಕರು ನಕ್ಕರು. ಪ್ರೇಕ್ಷಕರಿಗೆ ಆಡಳಿತದ ಸೂಕ್ಷ್ಮ ತಿಳಿಯುವುದಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಈ ವ್ಯವಸ್ಥೆಯ ತಳದಲ್ಲಿ ಇಬ್ಬರಿದ್ದರು. ಒಬ್ಬ ಯಮನೂರಪ್ಪ. ಕುಷ್ಟಗಿ ಕಡೆಯವನು, ಚಾಣಕ್ಯಪುರಿಯಲ್ಲಿರುವ ನಮ್ಮ ರಾಜ್ಯ ಸರ್ಕಾರದ ಅತಿಥಿಗೃಹದಲ್ಲಿ ಡ್ರೈವರ್. ಹನ್ನೆರಡು ವರ್ಷವೂ ಅವನು ದ್ವಾರಪಾಲಕ. ಇನ್ನೊಬ್ಬರು ಗಿರಿಜಾ, ಪಕ್ಕದ ಸಚಿವಾಲಯದಲ್ಲಿ ಸ್ಟೆನೋ. ಅವರು ಸೈಡ್‌ವಿಂಗಿನಲ್ಲಿ ನಿಂತು, ಮಾತು ಮರೆತವರಿಗೆ ಮಾತು ಎತ್ತಿಕೊಡುವವರು. ನಮ್ಮ ರಾಜರು ಮರೆಯುವುದರಲ್ಲಿ ಚಕ್ರವರ್ತಿ. ಹಾಗಾಗಿ ನಮ್ಮ ನಾಟಕಗಳಲ್ಲಿ ಅತಿ ಹೆಚ್ಚು ಮಾತಾಡುತ್ತಿದ್ದವರು ಗಿರಿಜಾ, ಆದರೆ ಅವರ ಮುಖವನ್ನು ಪ್ರೇಕ್ಷಕರು ಒಮ್ಮೆಯೂ ನೋಡಿರಲಿಲ್ಲ.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿರುವಾಗ ಮಂಡಿ ಹೌಸ್ ಕಡೆಯ ರಂಗಮಂದಿರದಿಂದ ಒಂದು ಪತ್ರ ಬಂತು. ನಾವು ಪ್ರತಿವರ್ಷ ಫೆಬ್ರವರಿಯಲ್ಲಿ ನಾಟಕ ಆಡುತ್ತಿದ್ದದ್ದು ಅಲ್ಲೇ. ಅದರ ಸಮಿತಿಯಲ್ಲಿ ಹೊಸಬರು ಬಂದಿದ್ದರು. ದಿನಾಂಕ ಬೇಕಾದ ಪ್ರತಿ ತಂಡವೂ ತನ್ನ ಸಮುದಾಯದ ಜನರೊಡನೆ ‘ಸಾಮಾಜಿಕ ನ್ಯಾಯ ಮತ್ತು ಕಲೆಯಲ್ಲಿ ನಾಯಕತ್ವ’ ಎಂಬ ವಿಷಯದ ಮೇಲೆ ಮುಕ್ತ ಸಂವಾದ ನಡೆಸಬೇಕಂತೆ. ಸಮಿತಿಯಿಂದ ಒಬ್ಬರು ವೀಕ್ಷಕರು ಬಂದು ಕೂರುತ್ತಾರಂತೆ. ಅವರ ವರದಿ ಚೆನ್ನಾಗಿದ್ದರೆ ದಿನಾಂಕ, ಇಲ್ಲದಿದ್ದರೆ ನಮಸ್ಕಾರ!

ನನ್ನ ಹೊಸ ನಾಟಕ ‘ಮಹಾಮಂತ್ರಿಯ ಮಹಾಮೌನ’ ಆಗಲೇ ಸಿದ್ಧವಾಗಿತ್ತು. ಅದರಲ್ಲಿ ಮಹಾಮಂತ್ರಿ ಒಂದೇ ಉಸಿರಿಗೆ ನಲವತ್ತು ನಿಮಿಷ ಮಾತಾಡುತ್ತಾನೆ. ದಿನಾಂಕ ತಪ್ಪಿದರೆ ಆ ನಲವತ್ತು ನಿಮಿಷವನ್ನು ನಾನು ಸ್ನಾನದ ಮನೆಯಲ್ಲಿ ಆಡಿಕೊಳ್ಳಬೇಕಿತ್ತು. ಆದರೂ ನಾನು ಹೆದರಲಿಲ್ಲ. ಸಂವಾದ ಎಂದರೆ ಸಭೆ. ಸಭೆ ಎಂದರೆ ನಾನು.

"ಪದ್ಮಾ, ಮುಂದಿನ ಭಾನುವಾರ ಸಾಮಾಜಿಕ ನ್ಯಾಯದ ಸಭೆ ಇಟ್ಟಿದ್ದೀನಿ" ಎಂದೆ ಹೆಂಡತಿಗೆ.

"ಎಲ್ಲಿ?"

"ಇಲ್ಲೇ, ಕಿದ್ವಾಯಿ ನಗರದ ಸಮುದಾಯ ಭವನದಲ್ಲಿ. ನಲವತ್ತು ಜನ ಬರ್ತಾರೆ."

"ನಲವತ್ತು ಜನಕ್ಕೆ ಉಪ್ಪಿಟ್ಟು ಕೆದಕೋದು ಯಾರು? ಅದೂ ನ್ಯಾಯದಲ್ಲಿ ಬರುತ್ತೋ, ಇಲ್ವೋ?"

"ಅದು ಸಾಂಸ್ಕೃತಿಕ ಸೇವೆ ಕಣೇ" ಎಂದೆ ಗಂಭೀರವಾಗಿ.

"ಕುಡಿದ ಲೋಟ ಎತ್ತಿ ಸಿಂಕಿಗೆ ಹಾಕದವರು ಊರಿಗೆ ನ್ಯಾಯ ಹೇಳೋಕೆ ಹೊರಟ್ರಂತೆ" ಎಂದು ಅವಳು ಅಡುಗೆಮನೆಗೆ ಹೋದಳು. ಅಲ್ಲಿಂದ ರವೆ ಹುರಿಯುವ ಸದ್ದು ಬರಲಿಲ್ಲ, ಪಾತ್ರೆ ಕುಕ್ಕುವ ಸದ್ದು ಬಂತು.

ಕಾಲೇಜು ಓದುವ ಮಗಳು ಅದಿತಿ ಮೊಬೈಲಿನಿಂದ ತಲೆ ಎತ್ತಿದಳು. "ಅಪ್ಪಾ, ಆರ್ ಯೂ ಸೀರಿಯಸ್? ಕನ್ವರ್ಸೇಷನ್ ಅಂದ್ರೆ ದೂಸ್ರೋಂಕೋ ಭೀ ಬೋಲ್ನೇ ದೇನಾ ಪಡ್ತಾ ಹೈ."

"ಬೇರೆಯವರಿಗೂ ಮಾತಾಡೋಕೆ ಕೊಡ್ತೀನಮ್ಮ. ತಲಾ ಎರಡು ನಿಮಿಷ. ಅಜೆಂಡಾದಲ್ಲೇ ಹಾಕಿದ್ದೀನಿ."

"ಔರ್ ಆಪ್?"

"ನಂದು ಪ್ರಾಸ್ತಾವಿಕ. ಅದಕ್ಕೆ ಮಿತಿ ಇಲ್ಲ."

ಅವಳು ನನ್ನನ್ನು ಒಂದು ಕ್ಷಣ ನೋಡಿ ಮತ್ತೆ ಮೊಬೈಲಿಗೆ ಬಗ್ಗಿದಳು. ಈಗಿನ ಮಕ್ಕಳಿಗೆ ಸಭಾ ಮರ್ಯಾದೆ ಗೊತ್ತಿಲ್ಲ ಎಂದು ನಾನು ಮರುಗಿದೆ.

ಶನಿವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಭಾನುವಾರದ ನಡವಳಿ ಬರೆದೆ. ಎಂಥ ನಡವಳಿ! ಬರೆಯುತ್ತ ಬರೆಯುತ್ತ ನನಗೇ ಕಣ್ಣು ತುಂಬಿತು. ಕೆಲವು ಸಾಲುಗಳನ್ನು ಇಲ್ಲಿ ಕೊಡದೆ ಇರಲಾರೆ.

‘ಶ್ರೀ ಮುರಳೀಧರ ಅವರ ಮನಮುಟ್ಟುವ ಪ್ರಾಸ್ತಾವಿಕ ಭಾಷಣವನ್ನು ಸಭೆ ಮಂತ್ರಮುಗ್ಧವಾಗಿ ಆಲಿಸಿತು (ದೀರ್ಘ ಚಪ್ಪಾಳೆ).’

‘ಶ್ರೀ ಯಮನೂರಪ್ಪ ಭಾವುಕರಾಗಿ ಮಾತನಾಡುತ್ತ, ತಮ್ಮಂಥ ಸಾಮಾನ್ಯನಿಗೂ ಸತತವಾಗಿ ದ್ವಾರಪಾಲಕನ ಪಾತ್ರ ನೀಡಿದ ನಿರ್ದೇಶಕರ ದೊಡ್ಡ ಮನಸ್ಸನ್ನು ಸ್ಮರಿಸಿ ಗದ್ಗದಿತರಾದರು.’

‘ಶ್ರೀಮತಿ ಗಿರಿಜಾ ಅವರು, ತಮಗೆ ಪರದೆಯ ಹಿಂದೆ ಇರುವುದೇ ಇಷ್ಟವೆಂದೂ, ಬೆಳಕಿಗೆ ಬಂದರೆ ತಲೆ ಸುತ್ತುವುದೆಂದೂ ತಿಳಿಸಿದರು. ಎಲ್ಲರೂ ನಕ್ಕರು.’

‘ಶ್ರೀಮತಿ ಪದ್ಮಾ ಅವರು ಸ್ವಯಂಪ್ರೇರಿತರಾಗಿ, ನಗುನಗುತ್ತ ಉಪ್ಪಿಟ್ಟು ಬಡಿಸಿದರು.’

ಕೊನೆಗೆ: ‘ಸಾಮಾಜಿಕ ನ್ಯಾಯವು ನಮ್ಮ ವೃಂದದಲ್ಲಿ ಸಂಪೂರ್ಣವಾಗಿ ನೆಲೆಸಿರುವುದರಿಂದ, ಹಾಲಿ ನಿರ್ದೇಶಕರೇ ಮುಂದುವರಿಯತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’

ಸಭೆಯಲ್ಲಿ ಹಂಚಬೇಕಾದದ್ದು ಅಜೆಂಡಾ ಮಾತ್ರ. ನಡವಳಿಯ ಒಂದೇ ಒಂದು ಪ್ರತಿ ನನ್ನ ಜೇಬಿಗೆ, ಸಭೆ ಮುಗಿದ ಮೇಲೆ ವೀಕ್ಷಕರ ಕೈಗಿಡಲು. ಎರಡೂ ಫೈಲುಗಳನ್ನು ಮಾರ್ಕೆಟ್ಟಿನ ಫೋಟೋಕಾಪಿ ಅಂಗಡಿಯವನಿಗೆ ವಾಟ್ಸಾಪ್ ಮಾಡಿ, ಮೊದಲನೆಯದಕ್ಕೆ ನಲವತ್ತು ಪ್ರತಿ, ಎರಡನೆಯದಕ್ಕೆ ಒಂದೇ ಎಂದು ಫೋನಿನಲ್ಲಿ ಹೇಳಿದೆ: "ಭಯ್ಯಾ, ಪೆಹಲೇ ವಾಲೇ ಕೀ ಚಾಲೀಸ್ ಕಾಪಿ, ದೂಸ್ರೇ ಕೀ ಏಕ್. ಔರ್ ಅಚ್ಛೇ ಸೇ ಸ್ಟೇಪಲ್ ಕರ್ ದೇನಾ." ಅವನು "ಹೋ ಜಾಯೇಗಾ ಸರ್‌ಜೀ" ಎಂದ. ದೆಹಲಿಯಲ್ಲಿ ‘ಆಗಿಬಿಡುತ್ತೆ’ ಎಂಬ ಈ ಮಾತನ್ನು ಕೇಳಿದ ಮೇಲೆ ಬುದ್ಧಿವಂತರು ಒಮ್ಮೆ ಹೋಗಿ ನೋಡಿ ಬರುತ್ತಾರೆ. ನಾನು ಹೋಗಲಿಲ್ಲ. ಕನ್ನಡದ ಒಂದಕ್ಷರವೂ ಬಾರದ ಆ ಪುಣ್ಯಾತ್ಮನಿಗೆ ಎರಡೂ ಹಾಳೆ ಒಂದೇ ಥರ ಕಂಡಿದೆ. ಒಂದರ ಹಿಂದೆ ಒಂದು ಇಟ್ಟು ನಲವತ್ತು ಜೋಡಿ ಮಾಡಿ, ಅಚ್ಚುಕಟ್ಟಾಗಿ ಪಿನ್ನು ಹೊಡೆದ. ಭಾನುವಾರ ಅವಸರದಲ್ಲಿ ಕಟ್ಟು ಎತ್ತಿಕೊಂಡು ಬಂದೆ, ಬಿಚ್ಚಿ ನೋಡಲಿಲ್ಲ. ಮಾಡಿದ್ದುಣ್ಣೋ ಮಹಾರಾಯ!

ಸಮಿತಿಯ ಸೂಚನೆಯಲ್ಲಿ ಇನ್ನೊಂದು ಪೀಕಲಾಟವಿತ್ತು. ಎಲ್ಲರೂ ವೃತ್ತಾಕಾರವಾಗಿ, ಮೇಲು ಕೀಳಿಲ್ಲದೆ ಕೂರಬೇಕಂತೆ. ವೃತ್ತಕ್ಕೆ ಮುಂದಿನ ಸಾಲು ಎಲ್ಲಿಂದ ಬರಬೇಕು? ಹೆಗ್ಡೆ ಸಾಹೇಬರನ್ನು ಗುಮಾಸ್ತರ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸುವುದುಂಟೇ? ನಾನು ತಲೆ ಓಡಿಸಿ ವೃತ್ತಕ್ಕೆ ಒಂದು ಶಿರಸ್ಸು ಕಂಡುಹಿಡಿದೆ. ಮೂವತ್ತೊಂಬತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಸೋಫಾ! ನಮ್ಮ ಮನೆಯ ಸೋಫಾವನ್ನೇ ಮೂರನೇ ಮಹಡಿಯಿಂದ ಇಳಿಸಬೇಕಾಯಿತು. ಇಳಿಸಿದವನು ಯಮನೂರಪ್ಪ. ಸಾಮಾಜಿಕ ನ್ಯಾಯದ ಮೇಲೆ ಎರಡು ನಿಮಿಷ ಮಾತಾಡಬೇಕಿದ್ದ ಆ ಮನುಷ್ಯ, ಅರ್ಧ ಗಂಟೆ ಸೋಫಾ ಹೊತ್ತು, ಬೆವರು ಒರೆಸಿಕೊಳ್ಳುತ್ತ ಬಾಗಿಲ ಬಳಿ ನಿಂತ. ಅಭ್ಯಾಸಬಲ.

ಹನ್ನೊಂದಕ್ಕೆ ಜನ ಸೇರಿದರು. ವೀಕ್ಷಕಿಯಾಗಿ ಬಂದವಳು ಫರ್ಹಾನಾ ಎಂಬ ಹುಡುಗಿ. ಹೆಸರನ್ನು ಸಮಿತಿ ಮೊದಲೇ ತಿಳಿಸಿತ್ತು, ಶಿವಮೊಗ್ಗದವಳೆಂದು ಗೊತ್ತಾದದ್ದು ಆಗಲೇ. ಇಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ರಂಗಭೂಮಿಯ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಕನ್ನಡದವಳೇ ಬಂದಳಲ್ಲ, ನಡವಳಿ ಓದಲು ಸುಲಭವಾಯಿತು ಎಂದು ನಾನು ಹಿಗ್ಗಿದೆ. ಕಟ್ಟು ಬಿಚ್ಚಿ ಹಾಳೆ ಹಂಚಲು ಅದಿತಿಗೆ ಹೇಳಿ, ಮೈಕಿನ ಮುಂದೆ ನಿಂತೆ.

ನನ್ನ ಭಾಷಣದ ವಿಷಯ ‘ಆಲಿಸುವುದು ನಾಯಕನ ಮೊದಲ ಗುಣ’. ಆ ಕುರಿತು ಮೂವತ್ತೈದು ನಿಮಿಷ ಬಿಡದೆ ಮಾತಾಡಿದೆ. ಸಭೆಯಲ್ಲಿ ಸೂಜಿ ಬಿದ್ದರೂ ಕೇಳುವಂಥ ಮೌನ. ಎಲ್ಲರೂ ತಲೆ ತಗ್ಗಿಸಿ ಕೈಯಲ್ಲಿದ್ದ ಹಾಳೆಯನ್ನೇ ನೋಡುತ್ತಿದ್ದರು. ಅಜೆಂಡಾವನ್ನು ಇಷ್ಟು ಶ್ರದ್ಧೆಯಿಂದ ಓದುವ ಸದಸ್ಯರು ಯಾವ ತಂಡಕ್ಕಿದ್ದಾರೆ ಎಂದು ಎದೆಯುಬ್ಬಿತು. ಕೆಲವರ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ!

ಭಾಷಣ ಮುಗಿದ ಕೂಡಲೇ ಯಾರೋ ಚಪ್ಪಾಳೆ ಶುರುಮಾಡಿದರು. ಅದು ನಿಲ್ಲಲೇ ಇಲ್ಲ. ನಾನು ಕೈಮುಗಿದೆ. ಮತ್ತೂ ನಿಲ್ಲಲಿಲ್ಲ.

"ಸಾಕು, ಸಾಕು" ಎಂದೆ ಸಂಕೋಚದಿಂದ.

"ದೀರ್ಘ ಚಪ್ಪಾಳೆ ಅಂತ ಬರೆದಿದ್ದೀರಲ್ಲ ಸಾರ್" ಎಂದ ಹಿಂದಿನಿಂದ ಒಬ್ಬ ಗುಮಾಸ್ತ.

ಫರ್ಹಾನಾ ಕೈ ಎತ್ತಿದಳು. "ಸರ್, ಒಂದು ಅನುಮಾನ. ಈ ಎರಡನೇ ಹಾಳೆ ಹೋದ ವರ್ಷದ ಸಭೆಯದ್ದಾ?"

ಎರಡನೇ ಹಾಳೆ? ನನ್ನ ಕೈಯಲ್ಲಿದ್ದ ಪ್ರತಿಯನ್ನು ತಿರುಗಿಸಿದೆ. ನನ್ನದೇ ನಡವಳಿ!

ಸೈಡ್‌ವಿಂಗಿನಿಂದಷ್ಟೇ ಕೇಳಿ ಗೊತ್ತಿದ್ದ ದನಿಯೊಂದು ವೃತ್ತದ ನಡುವಿನಿಂದ ಸ್ಪಷ್ಟವಾಗಿ ಕೇಳಿಸಿತು. ಗಿರಿಜಾ ಎದ್ದು ನಿಂತು ಓದುತ್ತಿದ್ದರು: "‘ವೀಕ್ಷಕಿ ಕುಮಾರಿ ಫರ್ಹಾನಾ ಅವರು, ಇಷ್ಟು ಮುಕ್ತವಾದ ಸಂವಾದವನ್ನು ತಾವು ಎಲ್ಲಿಯೂ ಕಂಡಿಲ್ಲವೆಂದು ಕೊಂಡಾಡಿದರು.’"

"ನಾನಿನ್ನೂ ಬಾಯೇ ಬಿಟ್ಟಿಲ್ಲವಲ್ಲ ಸರ್!" ಎಂದಳು ಫರ್ಹಾನಾ.

"ಅದು... ಡ್ರಾಫ್ಟು" ಎಂದೆ. ಸರ್ಕಾರಿ ಕಚೇರಿಯಲ್ಲಿ ಈ ಒಂದು ಪದ ಎಂಥ ಪಾಪವನ್ನೂ ತೊಳೆಯುತ್ತದೆ. ಇಲ್ಲಿ ತೊಳೆಯಲಿಲ್ಲ. "ಎಲ್ಲರೂ ದಯವಿಟ್ಟು ಹಾಳೆ ವಾಪಸ್ ಕೊಡಿ. ಅದಿತಿ, ಕಲೆಕ್ಟ್ ಮಾಡಮ್ಮ."

ಅದಿತಿ ಕೂತಲ್ಲಿಂದ ಅಲುಗಲಿಲ್ಲ. "ನೋ ಅಪ್ಪಾ. ಇಟ್ಸ್ ಟೂ ಗುಡ್."

"ವಾಪಸ್ ಬೇಡ ಸರ್" ಎಂದರು ಗಿರಿಜಾ. "ಹನ್ನೆರಡು ವರ್ಷದಲ್ಲಿ ಮೊದಲನೇ ಸಲ ಎಲ್ಲರಿಗೂ ಮಾತು ಬರೆದಿದ್ದೀರಿ. ಒಂದು ಸಲ ಓದೇ ಬಿಡೋಣ. ಯಮನೂರಪ್ಪನವರೇ, ಮುಂದಿನದು ನಿಮ್ಮದು. ಭಾವುಕರಾಗಬೇಕು."

ಯಮನೂರಪ್ಪ ಬಾಗಿಲು ಬಿಟ್ಟು ನಡುವೆ ಬಂದ. ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡ. ಆಮೇಲೆ ಅವನ ತುಟಿ ನಡುಗತೊಡಗಿತು, ಕಣ್ಣು ತುಂಬಿ ಬಂತು, ದನಿ ಗಂಟಲಲ್ಲಿ ಸಿಕ್ಕಿಕೊಂಡಿತು. "ನನ್ನಂಥಾ ಸಾಮಾನ್ಯನಿಗೂ..." ಎಂದು ಶುರುಮಾಡಿ, ನಿರ್ದೇಶಕರ ದೊಡ್ಡ ಮನಸ್ಸನ್ನು ನೆನೆದು ನೆನೆದು ಅಳುತ್ತ, ಕೊನೆಗೆ ನನ್ನ ಪಾದದ ಹತ್ತಿರ ಬಗ್ಗಿ, ಹಾಳೆಯಲ್ಲಿ ಪಾದಮುಟ್ಟುವ ಮಾತಿಲ್ಲವೆಂದು ನೋಡಿ ಖಾತ್ರಿ ಮಾಡಿಕೊಂಡು ಎದ್ದ! ಸಭೆ ಹೋ ಎಂದು ನಕ್ಕಿತು. ನಾನು ಮಾತ್ರ ಬಾಯಿ ತೆರೆದು ನಿಂತಿದ್ದೆ. ಈ ಮನುಷ್ಯನಿಗೆ ಇಷ್ಟು ಚೆನ್ನಾಗಿ ನಟಿಸಲು ಬರುತ್ತದೆಯೇ? ಹನ್ನೆರಡು ವರ್ಷ ನನ್ನ ಕಣ್ಣು ಏನು ನೋಡುತ್ತಿತ್ತು?

ಆಮೇಲೆ ಒಬ್ಬೊಬ್ಬರೂ ಎದ್ದು ತಮ್ಮ ಸಾಲು ಆಡಿದರು. ‘ಎಲ್ಲರೂ ನಕ್ಕರು’ ಎಂದಿದ್ದಲ್ಲಿ ಎಲ್ಲರೂ ನಕ್ಕರು. ಅಲ್ಲಿ ನಗಲು ಯಾರಿಗೂ ಕಷ್ಟವಾಗಲಿಲ್ಲ. ಪದ್ಮಾ ತನ್ನ ಸಾಲನ್ನು ಎರಡು ಸಲ ಓದಿಕೊಂಡಳು. ‘ಸ್ವಯಂಪ್ರೇರಿತರಾಗಿ’ ಎಂಬಲ್ಲಿ ಬೆರಳಿಟ್ಟು ನನ್ನನ್ನು ನೋಡಿದಳು. ಎದ್ದು ಹೋಗಿ ಉಪ್ಪಿಟ್ಟಿನ ಪಾತ್ರೆಗೆ ಮುಚ್ಚಳ ಮುಚ್ಚಿ, ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತಳು.

"ಈ ಸಾಲು ತೆಗೆಯೋವರೆಗೂ ಯಾರಿಗೂ ಉಪ್ಪಿಟ್ಟಿಲ್ಲ" ಎಂದಳು.

ಸಭೆಯ ಮೊದಲ ನಿಜವಾದ ನಿರ್ಣಯ ಅಂಗೀಕಾರವಾದದ್ದು ಆಗಲೇ. ಆ ಸಾಲನ್ನು ಮೂವತ್ತೊಂಬತ್ತು ಮತಗಳಿಂದ ತೆಗೆದುಹಾಕಲಾಯಿತು. ಹೊಟ್ಟೆ ಎಲ್ಲರಿಗೂ ಇತ್ತು. ನಾನೊಬ್ಬ ತಟಸ್ಥ.

ಗಿರಿಜಾ ತಮ್ಮ ಸಾಲಿಗೆ ಬಂದರು. ಪರದೆಯ ಹಿಂದೆ ಇರುವುದೇ ತಮಗಿಷ್ಟ ಎಂಬ ಮಾತನ್ನು ಅರ್ಧ ಓದಿ ಹಾಳೆ ಮಡಚಿದರು. ಈಗ ಅವರ ಮುಖದಲ್ಲಿ ನಗುವಿರಲಿಲ್ಲ.

"ಇದು ಸುಳ್ಳು ಸರ್" ಎಂದರು. "ನನಗೆ ತಲೆ ಸುತ್ತೋದಿಲ್ಲ. ಎಲ್ಲ ನಾಟಕದ ಎಲ್ಲ ಪಾತ್ರದ ಮಾತೂ ನನಗೆ ಬಾಯಿಪಾಠ. ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವಾಗ ಹೊರಡಬೇಕು, ಎಲ್ಲ ಗೊತ್ತು. ಮೂರು ವರ್ಷದ ಹಿಂದೆ ಒಂದು ನಾಟಕ ನಾನು ಮಾಡಿಸ್ತೀನಿ ಅಂತ ನಿಮಗೆ ಚೀಟಿ ಬರೆದುಕೊಟ್ಟಿದ್ದೆ. ಪರಿಶೀಲನೆಯಲ್ಲಿದೆ ಅಂದ್ರಿ. ಇನ್ನೂ ಪರಿಶೀಲನೆ ಮುಗಿದಿಲ್ವಾ?"

ಮುಗಿಯುವುದಕ್ಕೆ ಅದು ಶುರುವಾಗಿದ್ದರೆ ತಾನೆ! ಆ ಚೀಟಿಯನ್ನು ನಾನು ಎಲ್ಲಿಟ್ಟೆನೋ ನನಗೇ ನೆನಪಿರಲಿಲ್ಲ.

ಯಮನೂರಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. "ನಂದೂ ಒಂದ್ ಮಾತೈತ್ರಿ ಸಾಹೇಬ್ರ. ಇದು ಹಾಳ್ಯಾಗಿಂದಲ್ಲ. ಹನ್ನೆರ್ಡ್ ವರ್ಷ ಆತ್ರಿ ಈಟಿ ಹಿಡಕೊಂಡ್ ನಿಂತು. ಪರದೆ ಎದ್ದಾಗಿಂದ ಬೀಳೂತನಾ ನಿಂತಿರ್ತೀನಿ. ನನ್ನ ಮಾತು ಒಂದ, ‘ಮಹಾಪ್ರಭುಗಳು ಬರುತ್ತಿದ್ದಾರೆ.’ ಹೋದ ವರ್ಷ ನನ್ನ ಮಗಳು ನಾಟಕ ನೋಡಾಕ ಬಂದಿದ್ಲ್ರಿ. ಮಹಾಪ್ರಭುಗಳು ಟ್ರಾಫಿಕ್ಕಿನ್ಯಾಗ ಸಿಕ್ಕೊಂಡು ತಡಾ ಆತು ಅಂತ ನೀವು ಆ ಮಾತೂ ತಗದ್ರಿ. ನಾಟಕ ಮುಗಿದ ಮ್ಯಾಲೆ ನನ್ನ ಮಗಳು, ‘ಪಪ್ಪಾ, ಆಪ್ ಕಬ್ ಬೋಲೋಗೇ?’ ಅಂದ್ಲ್ರಿ. ನೀ ಯಾವಾಗ ಮಾತಾಡ್ತಿ ಅಂದ್ರ ಏನ್ ಹೇಳ್ಲಿ?"

ಯಾರೂ ನಗಲಿಲ್ಲ. ನನಗೆ ನಾಚಿಕೆಯಾಯಿತು. ಹಾಸ್ಯಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ನಾಚಿಕೆಯಾಯಿತು. ಆದರೆ ನಾಚಿಕೆಯ ಜೊತೆಗೆ ಸಿಟ್ಟೂ ಬಂತು. ಸಿಟ್ಟು ಬಂದ ಸೆಕ್ಷನ್ ಆಫೀಸರ್ ಮೇಲಧಿಕಾರಿಯ ಕಡೆ ತಿರುಗುತ್ತಾನೆ. ನಾನು ಸೋಫಾದ ಕಡೆ ತಿರುಗಿದೆ. "ಸಾರ್, ತಾವು ಅಧ್ಯಕ್ಷೀಯ ತೀರ್ಮಾನ ಹೇಳಬೇಕು. ಶಿಸ್ತು ಅನ್ನೋದು ಒಂದು ಬೇಡವಾ?"

ಹೆಗ್ಡೆ ಸಾಹೇಬರು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ತಮ್ಮ ಸಾಲು ಹುಡುಕುತ್ತಿದ್ದರು. ಗಿರಿಜಾ ಪಕ್ಕದಿಂದ ಮೆಲ್ಲಗೆ ಎತ್ತಿಕೊಟ್ಟರು: "‘ಕಲೆಯಲ್ಲಿ ಮೇಲು ಕೀಳಿಲ್ಲ...’"

"ಹಾಂ, ಕಲೆಯಲ್ಲಿ ಮೇಲು ಕೀಳಿಲ್ಲ" ಎಂದರು ಸಾಹೇಬರು. ಆಮೇಲೆ ಹಾಳೆ ಪಕ್ಕಕ್ಕಿಟ್ಟು, ದೊಡ್ಡದಾಗಿ ಉಸಿರು ಬಿಟ್ಟರು. "ಮುರಳೀಧರ, ನಿಜ ಹೇಳ್ತೇನೆ, ಬೇಜಾರು ಮಾಡ್ಕೊಳ್ಳಬೇಡಿ. ನನಗೆ ಈ ರಾಜನ ಪಾತ್ರ ಬೇಡವೇ ಬೇಡ ಮಾರಾಯ್ರೆ. ಆ ಕಿರೀಟ ಹಾಕಿದ್ರೆ ಎರಡು ದಿನ ತಲೆನೋವು. ಮಾತು ನೆನಪಿರೋದಿಲ್ಲ. ಜನವರಿ ಬಂತು ಅಂದ್ರೆ ನಿದ್ದೆ ಬರೋದಿಲ್ಲ. ಬೇಡ ಅಂದ್ರೆ ನಿಮಗೆ ನೋವಾಗ್ತದೆ ಅಂತ ಇಷ್ಟು ವರ್ಷ ಸುಮ್ಮನಿದ್ದೆ. ನನ್ನನ್ನು ಬಿಟ್ಟುಬಿಡಿ!"

ಹೀಗೆ ಹೇಳಿ ಅವರು ಸೋಫಾದಿಂದ ಎದ್ದು, ಗುಮಾಸ್ತರ ನಡುವೆ ಖಾಲಿಯಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಪದ್ಮಾಳ ಕಡೆ ನೋಡಿ, "ಉಪ್ಪಿಟ್ಟು ಈಗ ಸಿಗಬಹುದಾ ಅಮ್ಮ?" ಎಂದರು. ಯಾರಿಗಾಗಿ ಹನ್ನೆರಡು ವರ್ಷ ಬೆನ್ನು ಬಗ್ಗಿಸಿದೆನೋ, ಯಾರಿಗಾಗಿ ನಟನೆ ಬರುವವರನ್ನು ಬಾಗಿಲಲ್ಲಿ ನಿಲ್ಲಿಸಿದೆನೋ, ಆ ಮಹಾಪ್ರಭುಗಳಿಗೆ ಅದು ಬೇಕೇ ಇರಲಿಲ್ಲ! ನನ್ನ ಗುಲಾಮಗಿರಿಗೆ ಗಿರಾಕಿಯೇ ಇರಲಿಲ್ಲ. ಇದಕ್ಕಿಂತ ಅವಮಾನ ಇನ್ನೇನು ಬೇಕು?

ಆಮೇಲಿನ ಒಂದು ಗಂಟೆಯಲ್ಲಿ ನಿಜವಾದ ಸಂವಾದ ನಡೆಯಿತು. ಮಾತಿನ ನಡುವೆ ಮಾತು, ಬಾಯಿ ತುಂಬ ಉಪ್ಪಿಟ್ಟು, ಅಜೆಂಡಾ ಇಲ್ಲ, ಎರಡು ನಿಮಿಷದ ಮಿತಿಯಿಲ್ಲ. ಇನ್ನು ಮುಂದೆ ಪಾತ್ರಗಳು ಪರೀಕ್ಷೆಯಿಂದ ಹಂಚಿಕೆಯಾಗಬೇಕು, ಯಾರ ಶ್ರೇಣಿಯನ್ನೂ ಕೇಳಬಾರದು ಎಂದು ತೀರ್ಮಾನವಾಯಿತು. ಈ ವರ್ಷದ ನಿರ್ದೇಶಕಿ ಗಿರಿಜಾ ಎಂದು ಯಾರೋ ಹೇಳಿದರು. ಎಲ್ಲರೂ ಕೈ ಎತ್ತಿದರು. ನನ್ನ ಹೆಂಡತಿ ಎರಡೂ ಕೈ ಎತ್ತಿದಳು. ನಿರ್ದೇಶಕಿಯ ಮೊದಲ ಆದೇಶ, ಯಮನೂರಪ್ಪನವರನ್ನು ಇನ್ನು ಮುಂದೆ ಯಾರೂ ಏಕವಚನದಲ್ಲಿ ಕರೆಯಕೂಡದು ಎಂಬುದು. ಆ ಆದೇಶ ಇಡೀ ಸಭೆಯಲ್ಲಿ ಅನ್ವಯವಾಗುತ್ತಿದ್ದದ್ದು ನನ್ನೊಬ್ಬನಿಗೆ.

ಹದಿನೈದು ದಿನದ ಮೇಲೆ ಫರ್ಹಾನಾ ಫೋನ್ ಮಾಡಿದಳು. ನನ್ನ ನಡವಳಿಯನ್ನು ಅವಳು ಇಂಗ್ಲಿಷಿಗೆ ಮಾಡಿ ವರದಿಯ ಜೊತೆಗಿಟ್ಟಿದ್ದಳಂತೆ. ಸಮಿತಿಯವರು ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಇದು ಅಧಿಕಾರವನ್ನು ಗೇಲಿ ಮಾಡಲೆಂದೇ ಬರೆದ ಅದ್ಭುತ ವಿಡಂಬನೆ ಎಂದುಕೊಂಡಿದ್ದಾರಂತೆ. ಫೆಬ್ರವರಿಯ ದಿನಾಂಕ ಮಂಜೂರು. ಆದರೆ ಮಹಾಮಂತ್ರಿಯ ನಾಟಕ ಬೇಡ, ಈ ಸಭೆಯನ್ನೇ ನಾಟಕವಾಗಿ ಆಡಬೇಕಂತೆ.

"ಸರ್, ಅವರು ಕೇಳ್ತಿದ್ದಾರೆ, ಬೇಕೆಂದೇ ಹಾಗೆ ಬರೆದಿರಾ ಅಂತ. ನಾನು ಏನು ಹೇಳಲಿ?"

"ಮತ್ತಿನ್ನೇನು! ಬೇಕೆಂದೇ ಬರೆದದ್ದು" ಎಂದುಬಿಟ್ಟೆ. ನಾನು ಹಾಳೆ ವಾಪಸ್ ಕೇಳಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಆದರೂ, "ಆಯ್ತು ಸರ್" ಎಂದಳು. ಅಷ್ಟು ಮರ್ಯಾದೆಯ ಹುಡುಗಿ.

ಬೇಕೆಂದೇ ಬರೆದದ್ದು ಎಂದ ಮೇಲೆ ಆಡಬೇಡಿ ಎನ್ನಲು ಬಾಯಿ ಎಲ್ಲಿದೆ? ನಾನು ಬೇಗನೆ ಸುಧಾರಿಸಿಕೊಂಡೆ. ನಾಟಕ ನನ್ನದೇ. ಅದರಲ್ಲಿ ಅತಿ ದೊಡ್ಡ ಪಾತ್ರ ಕಾರ್ಯದರ್ಶಿ ಮುರಳೀಧರನದು. ಆ ಪಾತ್ರ ಬೇರೆ ಯಾರಿಗೆ ಹೋಗಲು ಸಾಧ್ಯ? ಪರೀಕ್ಷೆ ಎನ್ನುವುದು ಬರೀ ಶಾಸ್ತ್ರಕ್ಕೆ ಎಂದುಕೊಂಡು, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೋದೆ. ಗಿರಿಜಾ ಮುಂದೆ ಕೂತಿದ್ದರು. ನಾನು ‘ಆಲಿಸುವುದು ನಾಯಕನ ಮೊದಲ ಗುಣ’ ಎಂಬ ನನ್ನದೇ ಭಾಷಣವನ್ನು ನನ್ನದೇ ದನಿಯಲ್ಲಿ, ನನ್ನದೇ ಕೈಸನ್ನೆಯೊಂದಿಗೆ ಮಾಡಿ ತೋರಿಸಿದೆ.

ಗಿರಿಜಾ ಪೆನ್ನು ಕೆಳಗಿಟ್ಟರು. "ಸರ್, ಸಹಜವಾಗಿ ಬರ್ತಿಲ್ಲ. ಇಷ್ಟು ಜಂಬ ಇರೋ ಮನುಷ್ಯ ನಿಜವಾಗ್ಲೂ ಇದಾನೆ ಅಂತ ಪ್ರೇಕ್ಷಕರು ನಂಬಬೇಕಲ್ಲ. ನೀವು ಮಾಡಿದ್ರೆ ನಟನೆ ಅಂತ ಗೊತ್ತಾಗುತ್ತೆ."

ಮುಂದಿನವರು ಯಮನೂರಪ್ಪನವರು. ಅದೇ ಭಾಷಣ. ಹೊಟ್ಟೆ ಸ್ವಲ್ಪ ಮುಂದೆ ಮಾಡಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಒಮ್ಮೆ ಕೆಮ್ಮಿದರು ಅಷ್ಟೇ. ಕೂತಿದ್ದವರೆಲ್ಲ ಎದ್ದು ಚಪ್ಪಾಳೆ ಹೊಡೆದರು. ಹೆಗ್ಡೆ ಸಾಹೇಬರಂತೂ, "ಥೇಟ್ ಮುರಳೀಧರ!" ಎಂದು ಕಣ್ಣೊರೆಸಿಕೊಂಡರು. ನನಗೂ ಒಂದು ಕ್ಷಣ ಎದ್ದು ನಿಂತು "ಸಾರ್" ಎನ್ನಬೇಕೆನಿಸಿತು.

ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದೆ. ಪದ್ಮಾಳಿಗೆ ಸುದ್ದಿ ಆಗಲೇ ತಲುಪಿತ್ತು. ಕಾಫಿ ತಂದಿಟ್ಟು ಎದುರಿಗೆ ಕೂತು, ಮದುವೆಯಾದ ಮೇಲೆ ಅಪರೂಪಕ್ಕೆ ಕೇಳಿದ ಮೃದುವಾದ ದನಿಯಲ್ಲಿ ಹೇಳಿದಳು: "ಬೇಜಾರ್ ಮಾಡ್ಕೋಬೇಡಿ ರೀ. ತುಂಬಾ ಕಷ್ಟದ ಪಾತ್ರ ಅದು. ಇಪ್ಪತ್ತೆರಡು ವರ್ಷದಿಂದ ನಾನೂ ನೋಡ್ತಾ ಇದೀನಲ್ಲ, ನಿಮ್ಮ ಕೈಲಿ ಒಂದಿನಾನೂ ಸರಿಯಾಗಿ ಆಗಿಲ್ಲ."

ಪಾತ್ರಗಳ ಪಟ್ಟಿ ಮರುದಿನ ಬಂತು. ನನ್ನ ಹೆಸರು ಕಟ್ಟಕಡೆಯಲ್ಲಿ, ಬದಲಿ ನಟರ ಕೆಳಗೆ ಇದೆ. ಪ್ರದರ್ಶನದ ದಿನ ಯಮನೂರಪ್ಪನವರಿಗೆ ಅತಿಥಿಗೃಹದಲ್ಲಿ ಡ್ಯೂಟಿ ಬಿದ್ದರೆ ಮಾತ್ರ ನಾನು ನಾನಾಗಬಹುದು. ಬೆಂಗಳೂರಿನಿಂದ ಅಂದು ಯಾರಾದರೂ ಒಬ್ಬ ಮಂತ್ರಿ ಬಂದಿಳಿಯಲಿ ಎಂದು ದಿನಾ ದೇವರಿಗೆ ಕೈಮುಗಿಯುತ್ತಿದ್ದೇನೆ!